ಎರಡನೇ ಸಹಿ

ನಮ್ಮ ಕಾರ್ಖಾನೆಯಲ್ಲಿ ಒಬ್ಬನೇ ಮನುಷ್ಯನ ಸಹಿಗೆ ಕವಡೆ ಕಿಮ್ಮತ್ತಿರಲಿಲ್ಲ. ವಿಮಾನದ ಮುಖ್ಯ ಭಾಗಕ್ಕೆ ಒಂದು ಬೋಲ್ಟು ಬಿಗಿದರೂ ಬಿಗಿದವನು ಕಾರ್ಡಿನಲ್ಲಿ ಒಂದು ಸಹಿ ಹಾಕಬೇಕು. ಆಮೇಲೆ ಆ ಕೆಲಸಕ್ಕೆ ಕೈ ಹಚ್ಚದ ಇನ್ನೊಬ್ಬ ಬಂದು, ಬಗ್ಗಿ, ಟಾರ್ಚು ಬಿಟ್ಟು, ಸಣ್ಣ ಕನ್ನಡಿ ಹಿಡಿದು ಸಂದಿಗೊಂದಿ ನೋಡಿ ಎರಡನೇ ಸಹಿ ಹಾಕಬೇಕು. ಅಲ್ಲಿಯವರೆಗೆ ಅದು ಬರೀ ಕಬ್ಬಿಣ. ಈ ಎರಡನೇ ಸಹಿಯ ಕೆಲಸವನ್ನು ನನಗೆ ಕಲಿಸಿದವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದೆ. ಬರೆಯಲು ಕೂತಾಗಲೆಲ್ಲ ನನ್ನದೇ ಒಂದು ಸಹಿ ಅಡ್ಡ ಬಂದು ನಿಲ್ಲುತ್ತಿತ್ತು. ಈಗ ನನಗೂ ವಯಸ್ಸಾಗಿದೆ. ಇನ್ನು ಮುಚ್ಚಿಟ್ಟು ಯಾವ ಸ್ವರ್ಗಕ್ಕೆ ಒಯ್ಯಲಿ?

ಅವರ ಹೆಸರು ಹೇಳುವುದಿಲ್ಲ. ತಮ್ಮ ಹೆಸರು ಕಾರ್ಡಿನ ಮೇಲಲ್ಲದೆ ಬೇರೆಲ್ಲೂ ಕಾಣಬಾರದು ಎನ್ನುವ ಸ್ವಭಾವದವರು. ಕಾರ್ಖಾನೆಯಲ್ಲಿ ಮರಾಠಿಯವರು, ನಾವು ಕನ್ನಡದವರು, ಪಂಜಾಬಿಗಳು, ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕಾಕಾ ಎಂದೇ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ನಾನು ಧಾರವಾಡದಿಂದ ಡಿಪ್ಲೊಮಾ ಮುಗಿಸಿಕೊಂಡು ನಾಶಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಗೆ ಬಂದಿಳಿದೆ. ಇನ್ಸ್‌ಪೆಕ್ಷನ್ ವಿಭಾಗಕ್ಕೆ ಹಾಕಿದರು. ಕಾಕಾ ಅಲ್ಲಿ ಹಿರಿಯ ಇನ್ಸ್‌ಪೆಕ್ಟರ್. ಗದಗಿನ ಕಡೆಯವರು, ಐವತ್ಮೂರು ದಾಟಿತ್ತು. ತೆಳ್ಳಗೆ, ಎತ್ತರ, ಬೆನ್ನು ನೆಟ್ಟಗೆ. ಮೊದಲ ದಿನ ನಾನು ನೋಡಿದ್ದು ಅವರ ಮುಖವನ್ನಲ್ಲ, ಅವರು ಬೂಟು ಹಾಕಿಕೊಳ್ಳುವ ರೀತಿಯನ್ನು. ಬೆಂಚು ಖಾಲಿ ಇತ್ತು. ಆದರೂ ನಡುಮನೆಯ ಕಂಬದ ಹಾಗೆ ಒಂಟಿಕಾಲ ಮೇಲೆ ನಿಂತು, ಇನ್ನೊಂದು ಕಾಲು ಮೇಲೆತ್ತಿ, ಲಾಡಿಯನ್ನು ಎರಡು ಗಂಟು ಹಾಕಿದರು. ಅವಸರವಿಲ್ಲ, ಅಲುಗಾಟವಿಲ್ಲ. ಆಮೇಲೆ ಕಾಲು ಬದಲಿಸಿದರು. ಪಕ್ಕದಲ್ಲಿದ್ದ ಹುಡುಗ, ‘ಕಾಕಾಂದು ದಿನದ ಸರ್ಕಸ್’ ಎಂದು ನನ್ನ ಕಿವಿಯಲ್ಲಿ ಉಸುರಿದ. ನಾನೂ ನಕ್ಕೆ. ನಗುವುದು ಬಿಟ್ಟರೆ ಆಗ ನನಗೆ ಬೇರೇನೂ ಕೆಲಸವಿರಲಿಲ್ಲ.

ಅವರ ಸರ್ಕಸ್ಸು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಬಟಾಟೆವಡೆಯ ಘಮ ಎದ್ದಾಗ ನಾವೆಲ್ಲ ಸಾಲು ಹಚ್ಚಿದರೆ, ಅವರು ಡಬ್ಬಿ ಬಿಚ್ಚಿ ಎರಡು ಜೋಳದ ರೊಟ್ಟಿ, ಅಗಸಿ ಚಟ್ನಿ, ಹಸಿ ಮೂಲಂಗಿ, ಒಂದು ಹಿಡಿ ಮೆಂತ್ಯಪಲ್ಲೆ ಹರಡುತ್ತಿದ್ದರು. ಎರಡನೇ ರೊಟ್ಟಿಯಲ್ಲಿ ಕಾಲುಭಾಗ ತಿರುಗಿ ಡಬ್ಬಿಗೆ ಹೋಗುತ್ತಿತ್ತು. ಹೊಟ್ಟೆಯಲ್ಲಿ ಒಂದು ಮೂಲೆ ಗಾಳಿಗೆ ಬಿಡಬೇಕು ಅನ್ನುವರು. ನಾಲ್ಕರ ಮೇಲೆ ಚಹಾ ಇಲ್ಲ. ಉಪ್ಪಿನಕಾಯಿ ಹಬ್ಬಕ್ಕೆ ಮಾತ್ರ. ಮೂವತ್ತರವರೆಗೆ ತಂಬಾಕು ತಿನ್ನುತ್ತಿದ್ದರಂತೆ, ಒಂದು ದಿನ ಚೀಲ ಸಮೇತ ಬಾವಿಗೆ ಎಸೆದರಂತೆ. ಎಲ್ಲರೂ ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅವರು ಸೈಕಲ್ಲನ್ನೂ ಮನೆಗೆ ಹೋಗುವಾಗ ತಳ್ಳಿಕೊಂಡೇ ನಡೆಯುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಅವರ ಮನೆಯ ದೀಪ ಆರಿತೆಂದರೆ ಕಾಲನಿಯವರು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು.

ಮದುವೆಯಾಗದ ಮನುಷ್ಯ. ಹಿಂದಿಲ್ಲ, ಮುಂದಿಲ್ಲ. ಯಾರಿಗಾಗಿ ಈ ಪರಿ ಜೀವ ಜೋಪಾನ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಸಾಯಲಿಕ್ಕೆ ಹೆದರುವ ಪುಕ್ಕಲ ಎಂದು ಬೆನ್ನ ಹಿಂದೆ ಅಂದವರಲ್ಲಿ ನಾನೂ ಒಬ್ಬ. ಆಗ ನನಗೆ ದಿನಕ್ಕೆ ಒಂದು ಪಾಕೀಟು ಸಿಗರೇಟು, ಎಂಟು ಕಪ್ಪು ಚಹಾ. ಇಪ್ಪತ್ತಮೂರನೇ ವಯಸ್ಸಿಗೇ ಬೆಲ್ಟಿನ ಮೇಲೆ ಹೊಟ್ಟೆ ಇಣುಕುತ್ತಿತ್ತು.

ಒಂದು ಸಲ ನಾನು ಸಿಕ್ಕಿಬಿದ್ದೆ. ನನ್ನ ರೂಮಿನ ಗೆಳೆಯ ಫಿಟ್ಟರ್. ಬಹಳ ಒಳ್ಳೆಯ ಹುಡುಗ, ಕೆಲಸದಲ್ಲಿ ಚೊಕ್ಕ. ಅವನು ಬಿಗಿದ ನಟ್ಟಿಗೆ ಲಾಕಿಂಗ್ ವೈರ್ ಹಾಕಿದ್ದ, ಅಂದರೆ ನಟ್ಟು ಸಡಿಲಾಗದ ಹಾಗೆ ತಿರುವಿ ಕಟ್ಟುವ ತಂತಿ. ‘ಹಾಕೀನಿ, ನೋಡೂದೇನೈತಿ’ ಅಂದ. ಹೌದಲ್ಲ ಎಂದು ಸಹಿ ಮಾಡಿದೆ. ಅರ್ಧ ತಾಸಿನಲ್ಲಿ ಕಾಕಾ ನನ್ನನ್ನು ಕರೆದು ಕೈಗೆ ಕನ್ನಡಿ ಕೊಟ್ಟರು. ನೋಡಿದೆ. ತಂತಿಯನ್ನು ಉಲ್ಟಾ ಎಳೆದು ಕಟ್ಟಿದ್ದ. ನಟ್ಟನ್ನು ಬಿಗಿಯಾಗಿ ಹಿಡಿಯುವ ಬದಲು ಅದು ಸಡಿಲಾಗಲು ದಾರಿ ಮಾಡಿಕೊಟ್ಟಿತ್ತು. ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿಲ್ಲ.

‘ಅಂವ ಒಳ್ಳೆ ಹುಡುಗ ಅಂತ ಸಹಿ ಮಾಡಿದಿ, ಹೌದಲ್ಲೋ? ಒಳ್ಳೇವ್ರ ಕೈಯಿಂದನೂ ತಪ್ಪು ಆಕ್ಕಾವ ತಮ್ಮಾ. ಮಾಡಿದವನ ಮಾತು ಕೇಳಬ್ಯಾಡ. ಮಾಡಿದ್ದನ್ನ ನೋಡು.’

ತಂತಿ ಬಿಚ್ಚಿ ಮತ್ತೆ ಕಟ್ಟಿಸಿದರು. ನನ್ನ ಸಹಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದಾಗಿ ಹಾಕಿಸಿದರು. ವಿಷಯ ಇಬ್ಬರ ನಡುವೆಯೇ ಮುಗಿಯಿತು. ಆದರೆ ಆ ಶನಿವಾರ ಸಂಜೆ, ‘ನಾಳೆ ಮನಿಗೆ ಬಾ’ ಅಂದರು. ಮನೆಗೆ ಅವರು ಯಾರನ್ನೂ ಕರೆದದ್ದನ್ನು ನಾನು ಕೇಳಿರಲಿಲ್ಲ.

ಹೋದಾಗ ಬಾಗಿಲು ತೆರೆದದ್ದು ಒಬ್ಬ ಮುದುಕಿ. ಇಲಕಲ್ ಸೀರೆ, ಹಣೆ ತುಂಬ ವಿಭೂತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವ ಚೂಪು ಕಣ್ಣು. ನಮಸ್ಕಾರ ಅಂದೆ, ಉತ್ತರವಿಲ್ಲ. ಒಳಗಿನಿಂದ ಕಾಕಾ ಬಂದು ನನ್ನ ಕಡೆ ತೋರಿಸಿ ಗಾಳಿಯಲ್ಲಿ ಕೈಯಾಡಿಸಿದರು. ಮುದುಕಿಯ ಎರಡೂ ಕೈ ಚಕಚಕ ಆಡಿದವು. ಕಾಕಾ ಜೋರಾಗಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಅಂದೇ ಮೊದಲು ಕಂಡದ್ದು. ‘ಈ ಹುಡುಗನ ಹೊಟ್ಟಿ ಇವನಕಿಂತ ಮೊದಲ ಒಳಗ ಬಂತು ಅಂತಾಳ’ ಎಂದರು.

ಅದು ಅವರ ಅಕ್ಕ. ಅಕ್ಕವ್ವ ಅನ್ನುತ್ತಿದ್ದರು. ಎಂಟು ವರ್ಷಕ್ಕೆ ದೊಡ್ಡವರು, ಹುಟ್ಟಾ ಕಿವಿ ಕೇಳದು, ಬಾಯಿ ಬಾರದು. ಕಾಕಾಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡರು. ಹನ್ನೆರಡು ವರ್ಷದ ಈ ಮೂಕ ಹುಡುಗಿಯೇ ಅವರನ್ನು ಎತ್ತಿ ಆಡಿಸಿ, ತಲೆ ಬಾಚಿ, ಸಾಲೆಗೆ ಕಳಿಸಿ ದೊಡ್ಡವರನ್ನು ಮಾಡಿದ್ದು. ಆಗ ಇಬ್ಬರೂ ಸೇರಿ ಒಂದು ಕೈಮಾತು ಕಟ್ಟಿಕೊಂಡಿದ್ದರು. ಯಾವ ಸಾಲೆಯಲ್ಲೂ ಕಲಿಸುವಂಥದ್ದಲ್ಲ, ಅವರ ಮನೆಯದೇ. ಮಳೆಗೆ ಒಂದು, ಸುಳ್ಳಿಗೆ ಒಂದು, ಸಿಟ್ಟಿಗೆ ಮೂರು ಬಗೆ. ಕಾಕಾ ಅಂದರೆ ಕಿವಿಯ ಹಾಲೆ ಹಿಂಡುವುದು, ಚಿಕ್ಕಂದಿನಲ್ಲಿ ಅವರ ಕಿವಿಯಲ್ಲಿ ಮುರುವು ಇತ್ತಂತೆ. ನನಗೆ ಆ ದಿನವೇ ಒಂದು ಹೆಸರು ಬಿತ್ತು: ತುಟಿಗೆ ಎರಡು ಬೆರಳು. ಸಿಗರೇಟಿನ ವಾಸನೆ ಬಾಗಿಲಲ್ಲೇ ಹಿಡಿದಿದ್ದರು.

ಊಟವಾದ ಮೇಲೆ ಕಾಕಾ ಒಂದು ಹಳದಿ ಕಾರ್ಡು ತಂದು ನನ್ನ ಮುಂದಿಟ್ಟರು. ವಿಮಾನದ ಪ್ರತಿ ಭಾಗಕ್ಕೂ ಎಷ್ಟು ತಾಸು ದುಡಿಯಿತು, ಯಾವಾಗ ತಪಾಸಣೆಯಾಯಿತು ಎಂದು ಬರೆಯುವ ಕಾರ್ಡಿರುತ್ತದಲ್ಲ, ಅದೇ ನಮೂನೆ, ಕೈಯಿಂದ ಗೆರೆ ಎಳೆದದ್ದು. ಭಾಗದ ಹೆಸರು ಇರುವಲ್ಲಿ ತಮ್ಮ ಹೆಸರು ಬರೆದಿದ್ದರು. ಕೆಳಗೆ ತಿಂಗಳು ತಿಂಗಳಿನ ತಪಾಸಣೆ: ನೆಲದ ಮೇಲೆ ಕೂತು ಕೈ ಊರದೆ ಏಳುವುದು, ಒಂಟಿಕಾಲ ಮೇಲೆ ಮೂವತ್ತು ಎಣಿಸುವವರೆಗೆ ನಿಲ್ಲುವುದು, ನಾಶಿಕದ ಗುಡ್ಡದ ಮೇಲಿನ ಗುಹೆಗಳಾದ ಪಾಂಡವಲೇಣಿಯ ಮೆಟ್ಟಿಲನ್ನು ಎಲ್ಲೂ ಕೂತುಕೊಳ್ಳದೆ ಹತ್ತುವುದು, ಹತ್ತಿದ ಮೇಲೆ ನಾಡಿ, ನಾಶಿಕ್ ರೋಡ್ ಸ್ಟೇಷನ್ನಿನ ಯಂತ್ರದಲ್ಲಿ ತೂಕ. ಒಂದನೇ ಸಹಿಯ ಮನೆ ತುಂಬಿತ್ತು. ಎರಡನೆಯದು ವರ್ಷಗಳಿಂದ ಖಾಲಿ.

ನನಗೆ ನಗು ಬಂತು. ತಡೆದುಕೊಂಡೆ. ಅವರು ಅಕ್ಕವ್ವನ ಕಡೆ ನೋಡಿದರು. ಆಕೆ ಅಡಿಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು.

‘ಊರಾಗ ನಮ್ಮ ಚಿಗಪ್ಪನ ಮಕ್ಕಳು ಅದಾರ. ಆಕೀನ್ನ ದನದ ಕೊಟಗಿ ಬಾಜೂಕ ಇಟ್ಟಿದ್ರು. ಮೂಕಿ ಅಂತಿದ್ರು, ಹೆಸರ ಹಿಡದ ಕರೀತಿದ್ದಿಲ್ಲ. ನಾ ಕರಕೊಂಬಂದೆ. ಈಗ ನೋಡು, ದಿನಾ ಮಾತಾಡ್ತಾಳ, ಜಗಳಾಡ್ತಾಳ, ಚಾಷ್ಟಿ ಮಾಡ್ತಾಳ. ನಾ ಇರೂ ತನಕ ಆಕಿಗೆ ಮಾತೈತಿ. ನಾ ಹ್ವಾದ ದಿನ ಆಕಿ ಮೂಕಿ ಆಗ್ತಾಳ. ಅದಕ್ಕ ನಾ ಆಕಿಕಿಂತ ಒಂದ ದಿನ ಹೆಚ್ಚಿಗಿ ಇರಬೇಕು. ಬರೇ ಇದ್ರ ಆಗಂಗಿಲ್ಲ, ನೆಟ್ಟಗ ಇರಬೇಕು. ಹಾಸಿಗಿ ಹಿಡದರ ಆಕಿ ಕೂಡ ಮಾತಾಡೂ ಕೈ ಯಾವುದು?’

ಅಷ್ಟು ಉದ್ದದ ಮಾತನ್ನು ಅವರು ಜನ್ಮದಲ್ಲಿ ಆಡಿದ್ದು ಅದೊಂದೇ ಸಲವಿರಬೇಕು. ಪುಕ್ಕಲ ಅಂದಿದ್ದೆನಲ್ಲ, ಆ ಮಾತು ನೆನಪಾಗಿ ಕಾರ್ಡನ್ನು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ಓದಿದೆ. ತಾನೇ ಮಾಡಿದ ಕೆಲಸಕ್ಕೆ ತಾನೇ ತಪಾಸಣೆ ಮಾಡಿದರೆ ನಿಯಮಕ್ಕೆ ಸಲ್ಲುವುದಿಲ್ಲ, ಒಮ್ಮೆ ಪೆಟ್ಟು ತಿಂದವನು ಕಣ್ಣು ಬಿಟ್ಟು ನೋಡುತ್ತಾನೆ, ಅದಕ್ಕೇ ನಿನ್ನನ್ನು ಕರೆದೆ ಎಂದರು. ನಾನು ಒಪ್ಪಿಕೊಂಡೆ.

ಹಾಗೆ ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಪಾಂಡವಲೇಣಿ ಶುರುವಾಯಿತು. ಬೆಳಗಿನ ಎಸ್.ಟಿ. ಬಸ್ಸಿಗೆ ನಾಶಿಕ, ಅಲ್ಲಿಂದ ಮುಂಬಯಿ ರಸ್ತೆಯ ಬಸ್ಸಿಗೆ ಗುಡ್ಡದ ಬುಡ. ಇನ್ನೂರಕ್ಕೆ ಮಿಕ್ಕಿದ ಮೆಟ್ಟಿಲು. ಅವರು ಮೂಗಿನಲ್ಲೇ ಉಸಿರಾಡುತ್ತ, ಯಾರೋ ಹಿಂದಿನಿಂದ ಎಣಿಸುತ್ತಿದ್ದಾರೆನ್ನುವ ಹಾಗೆ ಒಂದೇ ಲಯದಲ್ಲಿ ಹತ್ತುವರು. ನಾನು ಎರಡು ಕಡೆ ಕೂತು, ಮೂರನೆಯ ಕಡೆ ಕೆಮ್ಮಿ, ಮೇಲೆ ಬರುವಷ್ಟರಲ್ಲಿ ಅವರ ನಾಡಿ ಇಳಿದುಹೋಗಿರುತ್ತಿತ್ತು. ‘ತಪಾಸಣೆ ಮಾಡಾವ್ನ ಹಿಂದ ಬಿದ್ರ ಹೆಂಗಪಾ’ ಎಂದು ತಮಾಷೆ ಮಾಡುವರು. ಆ ನಾಚಿಕೆಗೆ ನಾನು ಒಂದು ಪಾಕೀಟನ್ನು ಅರ್ಧಕ್ಕೆ ಇಳಿಸಿದೆ. ಪೂರಾ ಬಿಡುವಷ್ಟು ನಾಚಿಕೆ ಇನ್ನೂ ಬಂದಿರಲಿಲ್ಲ.

ಇಳಿದ ಮೇಲೆ ನಾಶಿಕದ ಬಸ್ ಸ್ಟ್ಯಾಂಡಿನ ಹತ್ತಿರ ಕುಂದಾಪುರದ ಕಡೆಯವರೊಬ್ಬರ ಹೋಟೆಲು. ನನಗೆ ಮಸಾಲೆದೋಸೆ, ಅವರಿಗೆ ಎರಡು ಇಡ್ಲಿ, ಒಂದು ಲೋಟ ಬಿಸಿನೀರು, ಚಟ್ನಿ ಬೇಡ. ‘ಎಂತ ಮಾರಾಯ್ರೆ, ನಿಮ್ಮಂಥ ಗಿರಾಕಿ ನಾಲ್ಕು ಜನ ಬಂದ್ರೆ ನಾನು ಊರಿಗೆ ಗಂಟು ಕಟ್ಟಬೇಕಷ್ಟೆ’ ಎನ್ನುವರು ಹೋಟೆಲಿನವರು. ಮನೆಗೆ ಬಂದ ಕೂಡಲೇ ಅಕ್ಕವ್ವನ ಕೈ ಮೊದಲು ಕೇಳುವುದು: ಕೂತನೋ, ಕೂಡಲಿಲ್ಲವೋ? ಕೂಡಲಿಲ್ಲ ಎಂದು ನಾನು ತಲೆ ಅಲ್ಲಾಡಿಸಿದ ಮೇಲೆಯೇ ಕಾರ್ಡು ಹೊರಗೆ ಬರುತ್ತಿತ್ತು. ನಾನು ಹಾಕುವ ಸಹಿಯನ್ನು ಆಕೆ ಕಣ್ಣು ಕೀಲಿಸಿ ನೋಡುವರು. ಓದು ಬಾರದು, ಆದರೆ ಆ ಗೀಟಿನ ಅರ್ಥ ಚೆನ್ನಾಗಿ ಗೊತ್ತಿತ್ತು: ಇನ್ನೊಂದು ತಿಂಗಳು ಮಾತು ಉಂಟು.

ಒಂದು ಚಳಿಗಾಲ ವಿಭಾಗದವರೆಲ್ಲ ಬಸ್ಸು ಮಾಡಿಕೊಂಡು ಯೇವಲಾ ಮೇಲೆ ಔರಂಗಾಬಾದಿಗೆ ಟ್ರಿಪ್ಪು ಹೋದೆವು. ಅಕ್ಕವ್ವನೂ ಬಂದಿದ್ದರು. ದೌಲತಾಬಾದಿನ ಕೋಟೆಯ ಕೆಳಗೆ ಆಕೆ ಬುತ್ತಿಗಳ ಕಾವಲು ಕೂತರು, ನಾವು ಹತ್ತಿದೆವು. ಮೊದಲ ಬುರುಜಿನ ಮೇಲೆ ಬಂದಾಗ ನಮ್ಮ ಹುಡುಗರಿಗೆ ನೀರಿನ ಚೀಲ ಬಸ್ಸಿನಲ್ಲೇ ಬಿಟ್ಟದ್ದು ನೆನಪಾಯಿತು. ಡ್ರೈವರನನ್ನು ಕೂಗಿದರು, ಕೂಗಿದರು. ಗಾಳಿ ಎಲ್ಲವನ್ನೂ ಎತ್ತಿಕೊಂಡು ಹೋಯಿತು. ಕಾಕಾ ಮುಂದೆ ಬಂದು ನಿಂತು ಎರಡು ಸಲ ಕೈ ಆಡಿಸಿದರು. ಕೆಳಗೆ ಅಕ್ಕವ್ವ ಎದ್ದರು, ಬಸ್ಸಿಗೆ ಹೋದರು, ಚೀಲ ಎತ್ತಿ ಡ್ರೈವರನ ಕೈಗೆ ಕೊಟ್ಟು ಮೇಲೆ ತೋರಿಸಿದರು. ಆಮೇಲೆ ಅಲ್ಲಿಂದಲೇ ಏನೋ ಹೇಳಿದರು. ಕಾಕಾ ನಮ್ಮ ಕಡೆ ತಿರುಗಿ, ‘ಇಷ್ಟ ಮಂದಿ ಬಾಯಿ ಇದ್ದೂ ಏನ ಉಪಯೋಗ ಅಂತ ಕೇಳಾಕತ್ತಾಳ’ ಅಂದರು. ಅವತ್ತು ಶಿಖರದವರೆಗೆ ಎಲ್ಲೂ ಕೂಡದೆ ಹತ್ತಿದವರು ಅವರೊಬ್ಬರೇ. ಬೆನ್ನ ಹಿಂದೆ ಪುಕ್ಕಲ ಅನ್ನುವ ಮಾತು ಅಲ್ಲಿಗೆ ನಿಂತಿತು.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತಿತ್ತು. ಆ ಕೈಮಾತು ಕಲಿಸಿರಿ ಎಂದು ನಾನು ಒಂದೆರಡು ಸಲ ಕೇಳಿದೆ. ನಾನಿದ್ದೇನಲ್ಲ, ನಿನಗ್ಯಾಕೆ ತ್ರಾಸು ಎಂದು ತಳ್ಳಿಹಾಕಿದರು. ದೇಹಕ್ಕೆ ಎರಡನೇ ಸಹಿ ಬೇಕೆಂದವರು ಮಾತಿಗೆ ಒಬ್ಬರೇ ಸಾಕು ಅಂದುಕೊಂಡರು. ಅಕ್ಕ ತಮ್ಮನ ಆ ಸಲುಗೆಯಲ್ಲಿ ಇನ್ನೊಬ್ಬರಿಗೆ ಜಾಗ ಕೊಡಲು ಅವರಿಗೆ ಮನಸ್ಸಿರಲಿಲ್ಲವೋ ಏನೋ. ನೋಡಿ ನೋಡಿ ನಾನಾಗಿಯೇ ಹತ್ತಿಪ್ಪತ್ತು ಮಾತು ಹಿಡಿದಿದ್ದೆ, ಅಷ್ಟೆ.

ಅವರು ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ಓಝರ್ ಊರೊಳಗೆ ಎರಡು ಕೋಣೆ ಹಿಡಿದು, ಹಿತ್ತಲಲ್ಲಿ ಮೆಂತ್ಯ ಬಿತ್ತಿಕೊಂಡು ಇದ್ದರು. ನನಗೆ ಮದುವೆಯಾಯಿತು. ಹುಬ್ಬಳ್ಳಿಯ ಹುಡುಗಿ, ಬಾಯಿ ಸ್ವಲ್ಪ ಖಾರ, ಮನಸ್ಸು ಬೆಣ್ಣೆ. ಬಡ್ತಿ ಬಂತು, ಸ್ಕೂಟರು ಬಂತು, ಮಗಳು ಹುಟ್ಟಿದಳು. ಮೊದಲ ಭಾನುವಾರ ಎನ್ನುವುದು ಕೆಲವು ತಿಂಗಳು ಎರಡನೆಯದಾಯಿತು, ಕೆಲವು ತಿಂಗಳು ಪಾಂಡವಲೇಣಿಯ ಬುಡದಲ್ಲಿ ಸ್ಕೂಟರಿನ ಮೇಲೆ ಕೂತೇ ನೋಡಿದೆ. ಆದರೂ ನೋಡಿದೆ.

ಆ ಭಾನುವಾರ ಮಗಳ ಜಾವಳ, ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರ. ಮನೆ ತುಂಬ ನೆಂಟರು. ಮಾವನವರನ್ನು ಕರೆತರಲು ನಾಶಿಕ್ ರೋಡ್ ಸ್ಟೇಷನ್ನಿಗೆ ಹೊರಟವನು ದಾರಿಯಲ್ಲಿ ಕಾಕಾನ ಮನೆಗೆ ಹಣಿಕಿದೆ. ಕಾಕಾ ಕಾರ್ಡು ತೆಗೆದೇ ಇಟ್ಟಿದ್ದರು. ನನ್ನೆದುರೇ ನೆಲಕ್ಕೆ ಕೂತು ಕೈ ಊರದೆ ಎದ್ದರು. ಒಂಟಿಕಾಲಲ್ಲಿ ನಿಂತು ಮೂವತ್ತು ಎಣಿಸಿದರು. ಎಣಿಸುವ ದನಿ ಕೊನೆಗೆ ತುಸು ತೆಳುವಾಯಿತು. ‘ಲೇಣಿ ಗುರುವಾರನ ಹತ್ತಿ ಬಂದೆ. ಎಲ್ಲೂ ಕೂಡಲಿಲ್ಲ. ನಾಡಿ ಬರದೀನಿ. ನಿನಗ ಗಡಿಬಿಡಿ ಐತಿ, ಸಹಿ ಮಾಡು’ ಎಂದರು.

ಅಕ್ಕವ್ವ ಅವರ ಬೆನ್ನ ಹಿಂದೆ ಹೊಸ್ತಿಲಲ್ಲಿ ನಿಂತಿದ್ದರು. ತುಟಿಗೆ ಎರಡು ಬೆರಳಿಟ್ಟು ನನ್ನನ್ನು ಕರೆದರು. ಕಿವಿಯ ಹಾಲೆ ಹಿಂಡಿದರು. ಎದೆಯ ಮೇಲೆ ಅಂಗೈ ಒತ್ತಿದರು. ಎರಡು ಹೆಜ್ಜೆ ನಡೆದು ನೆಲದ ಮೇಲೆ ಕುಸಿದು ಕೂತರು. ಎದ್ದರು, ಮತ್ತೆ ಎರಡು ಹೆಜ್ಜೆ, ಮತ್ತೆ ಕೂತರು. ಇದರಲ್ಲಿ ತಿಳಿಯದ್ದು ಏನಿತ್ತು? ಹಾಲುಗಲ್ಲದ ಕೂಸಿಗೂ ತಿಳಿಯುವಂಥದ್ದು.

‘ಅಕ್ಕವ್ವ ಏನಂತಾರ್ರಿ ಕಾಕಾ?’ ಎಂದು ಕೇಳಿದೆ.

ಅವರು ತಿರುಗಿ ಅಕ್ಕನನ್ನು ನೋಡಿದರು. ‘ಮೊಳಕಾಲ ನೋವ. ತನ್ನ ಮೊಳಕಾಲ ನೋವ ಹೇಳಾಕತ್ತಾಳ’ ಎಂದರು.

ನನಗೆ ಗೊತ್ತಿತ್ತು. ಎದೆ ಎಲ್ಲಿ, ಮೊಳಕಾಲು ಎಲ್ಲಿ! ಆದರೆ ಕಾಕಾನಂಥವರು ಸುಳ್ಳು ಹೇಳುವುದುಂಟೇ ಎಂದು ಒಂದು ಮನಸ್ಸು, ರೈಲಿಗೆ ಹೊತ್ತಾಯಿತು ಎಂದು ಇನ್ನೊಂದು. ಮಾಡಿದ್ದು ಕಣ್ಣೆದುರೇ ಇತ್ತು, ನಾನು ಮಾಡಿದವನ ಮಾತು ಕೇಳಿದೆ. ಸಹಿ ಹಾಕಿದೆ. ತಲೆ ಎತ್ತಿದಾಗ ಅಕ್ಕವ್ವ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ಎರಡೂ ಕೈಯನ್ನು ಸೆರಗಿನೊಳಗೆ ಹಾಕಿಕೊಂಡು ಒಳಗೆ ಹೋದರು.

ಹತ್ತೊಂಬತ್ತನೇ ದಿನಕ್ಕೆ ನಾನು ಔರಂಗಾಬಾದಿನಲ್ಲಿದ್ದೆ. ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಮ್ಮ ಕೆಲವು ಭಾಗ ತಯಾರಾಗುತ್ತಿದ್ದವು, ಅವನ್ನು ತಪಾಸಣೆ ಮಾಡಲು ಹೋಗಿದ್ದೆ. ಬೆಳಗ್ಗೆ ಹತ್ತಕ್ಕೆ ಫೋನು ಬಂತು. ಕಾಕಾ ಹಿತ್ತಲಲ್ಲಿ ಮೆಂತ್ಯ ಕೀಳುತ್ತಿದ್ದವರು ಹಾಗೇ ಒರಗಿದರಂತೆ. ಸಿಕ್ಕ ಬಸ್ಸು ಹತ್ತಿದೆ. ಯೇವಲಾದಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಪೈಠಣಿ ಸೀರೆ ಕೊಂಡ ಮದುವೆಯ ಮಂದಿ ನಗುತ್ತ ಹತ್ತಿದರು. ನಾನು ಕಿಟಕಿಗೆ ಹಣೆ ಹಚ್ಚಿ ಒಂದೇ ಲೆಕ್ಕ ಹಾಕುತ್ತಿದ್ದೆ: ಆ ದಿನ ಸಹಿ ಮಾಡದೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿದ್ದರೆ, ಮಾವನವರು ಸ್ಟೇಷನ್ನಿನಲ್ಲಿ ಒಂದು ತಾಸು ಕಾಯುತ್ತಿದ್ದರು. ಬರೀ ಒಂದು ತಾಸು.

ಮನೆಯ ಮುಂದೆ ಜನ ನೆರೆದಿತ್ತು. ಕಾಕಾನನ್ನು ಪಡಸಾಲೆಯಲ್ಲಿ ಕೂಡಿಸಿದ್ದರು, ಬೆನ್ನು ಆಗಲೂ ನೆಟ್ಟಗಿತ್ತು. ಅಕ್ಕವ್ವ ಮೂಲೆಯಲ್ಲಿ. ಸುತ್ತ ನೆರೆಮನೆಯ ಹೆಂಗಸರು, ಒಳ್ಳೆಯ ಜೀವಗಳು, ‘ಮುಕೀ ಬಿಚಾರಿ’ ಎಂದು ಕಣ್ಣೊರೆಸಿಕೊಳ್ಳುತ್ತ ಆಕೆಯನ್ನು ಸಮಾಧಾನ ಮಾಡುತ್ತಿದ್ದರು. ಇಬ್ಬರು ಆಕೆಯ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಕೆ ಕೊಸರುತ್ತಿದ್ದರು. ಕೊಸರಿದಷ್ಟೂ ಅವರು ಪ್ರೀತಿಯಿಂದ ಇನ್ನಷ್ಟು ಬಿಗಿ ಹಿಡಿಯುತ್ತಿದ್ದರು. ಅವರು ಆಕೆಯ ಬಾಯಿ ಮುಚ್ಚಿ ಹಿಡಿದಿದ್ದಾರೆಂದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

‘ಅವರ ಕೈ ಬಿಡ್ರಿ’ ಎಂದೆ. ಕನ್ನಡದಲ್ಲಿ ಅಂದೆ, ಯಾರಿಗೂ ತಿಳಿಯಲಿಲ್ಲ. ಮರಾಠಿಯಲ್ಲಿ ಕಿರುಚಿದೆ. ಬಿಟ್ಟರು.

ಅಕ್ಕವ್ವ ಎದ್ದು ನನ್ನ ಮುಂದೆ ಬಂದು ನಿಂತರು. ಕಿವಿ ಹಿಂಡಿದರು. ಎದೆ ಒತ್ತಿದರು. ಕೂತು ತೋರಿಸಿದರು. ಆಮೇಲೆ ಎಡಗೈಯ ಅಂಗೈ ಮೇಲೆ ಬಲಗೈಯ ಬೆರಳಿಂದ ಗೀಚಿ, ಅದೇ ಬೆರಳನ್ನು ನನ್ನ ಎದೆಗೆ ಚುಚ್ಚಿದರು. ನೀನು ಸಹಿ ಮಾಡಿದೆ. ನಾನು ನನ್ನ ಅಂಗೈಯ ಮೇಲೆ ಹಾಗೇ ಗೀಚಿದೆ. ಕಣ್ಣು ತೋರಿಸಿ, ಇಲ್ಲವೆಂದು ತಲೆ ಅಲ್ಲಾಡಿಸಿದೆ. ಮಾಡಿದೆ, ನೋಡದೆ ಮಾಡಿದೆ. ಆಕೆಯ ಭಾಷೆಯಲ್ಲಿ ನಾನಾಡಿದ ಮೊದಲ ಪೂರಾ ಮಾತು ಅದು. ಆಕೆ ನನ್ನ ಕೆನ್ನೆಗೆ ಒಂದು ಹೊಡೆದರು. ಆಮೇಲೆ ನನ್ನ ಅಂಗಿ ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಆಮೇಲೆ ತಿಳಿಯಿತು. ಎರಡು ತಿಂಗಳ ಹಿಂದೆಯೇ ಕಾಕಾ ಡಾಕ್ಟರಿಗೆ ತೋರಿಸಿಕೊಂಡಿದ್ದರು. ಎದೆಯದು ಲಕ್ಷಣ ಸರಿಯಿಲ್ಲ, ಮುಂಬಯಿಗೆ ಹೋಗಿ ಹದಿನೈದು ದಿನ ದವಾಖಾನೆಯಲ್ಲಿರಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹದಿನೈದು ದಿನ ಅಕ್ಕನ ಕೂಡ ಯಾರು ಮಾತಾಡುತ್ತಾರೆ ಎಂದು ಕೇಳಿ ಎದ್ದು ಬಂದರಂತೆ. ಯಾವ ಅಕ್ಕನಿಗಾಗಿ ಮೂವತ್ತು ವರ್ಷ ನಾಲಗೆ ಕಟ್ಟಿದರೋ ಅದೇ ಅಕ್ಕನಿಗಾಗಿ ಆ ಹದಿನೈದು ದಿನ ಕೊಡಲಾರದೆ ಹೋದರು. ಆ ಕೈಮಾತು ಇನ್ನೊಬ್ಬರಿಗೆ ಬರುತ್ತಿದ್ದರೆ ಹೋಗುತ್ತಿದ್ದರು. ಊಟ ಸರಿ, ನಡಿಗೆ ಸರಿ, ನಿದ್ದೆ ಸರಿ, ಎಲ್ಲ ಸರಿ ಇಟ್ಟುಕೊಂಡ ಮನುಷ್ಯ ತನ್ನ ಭಾರದ ಇನ್ನೊಂದು ತುದಿಯನ್ನು ಯಾರ ಕೈಗೂ ಕೊಡಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಇರುವಷ್ಟಿಲ್ಲ.

ಮೂರನೇ ದಿನ ಊರಿನಿಂದ ಕಾಕಾನ ಚಿಕ್ಕಪ್ಪನ ಮಗ ಬಂದ. ಕೆಟ್ಟವನಲ್ಲ, ಆದರೆ ಮಾತು ಹಾಗೆ. ‘ಮೂಕೀನ್ನ ಕರಕೊಂಡ ಹೋಗ್ತೀನ್ರಿ. ದನದ ಕಡೆ ನೋಡಾಕ ಒಂದ ಜೀವ ಆಕ್ಕೈತಿ’ ಎಂದ. ಸಂಜೆಯ ಬಸ್ಸಿಗೆ ಗಂಟು ಕಟ್ಟಿಸಿದ. ಅಕ್ಕವ್ವ ಗೋಡೆಗೆ ಒರಗಿ ಕೂತಿದ್ದರು. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಎರಡು ಕೋಣೆಯ ಕ್ವಾರ್ಟರ್ಸು, ಕೈಗೂಸು, ಹೇಗೆ ಬಾಯಿಬಿಡಲಿ? ನನ್ನ ಹೆಂಡತಿ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಪಕ್ಕಕ್ಕೆ ಬಂದಳು. ಅವಳಿಗೆ ಎಲ್ಲ ಹೇಳಿದ್ದೆ.

‘ಸಹಿ ಮೊದಲ ಮಾಡಿ ಕೂತೀರಿ. ನೋಡೂದರ ಈಗ ನೋಡ್ರಿ’ ಎಂದಳು, ಮೆಲ್ಲಗೆ.

ನಾನು ಅಕ್ಕವ್ವನ ಎದುರು ಕುಕ್ಕರಿಸಿದೆ. ದಕ್ಷಿಣದ ಕಡೆ ಕೈ ತೋರಿಸಿ ದನದ ಕೋಡು ಮಾಡಿದೆ. ಆಮೇಲೆ ನನ್ನ ಮನೆಯ ಕಡೆ ತೋರಿಸಿ ತುಟಿಗೆ ಎರಡು ಬೆರಳಿಟ್ಟೆ. ಎಲ್ಲಿ? ಎಂದು ಅಂಗೈ ಮೇಲೆ ಮಾಡಿದೆ. ಆಕೆ ನನ್ನ ಕೈಯನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಹಳದಿ ಕಾರ್ಡು ತಂದರು. ಕಾಕಾನ ಕೊನೆಯ ಸಾಲಿನ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದರು. ನನ್ನ ಭುಜ ಒತ್ತಿ ನೆಲಕ್ಕೆ ಕೂರಿಸಿದರು. ಏಳು ಎಂದು ಕೈ ಎತ್ತಿದರು.

ಊರಿನವನು, ನೆರೆಯವರು ಎಲ್ಲ ನೋಡುತ್ತಿದ್ದರು. ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿತು ಎಂದು ಯಾರೋ ಅಂದರು. ನಾನು ಏಳಲು ನೋಡಿದೆ. ಹೊಟ್ಟೆ ಅಡ್ಡ ಬಂತು, ಕೊನೆಗೆ ಬಲಗೈ ನೆಲಕ್ಕೆ ಊರಿ ಎದ್ದೆ. ಆಕೆ ತಲೆ ಅಲ್ಲಾಡಿಸಿದರು. ನನ್ನ ಜೇಬಿನಿಂದ ಸಿಗರೇಟಿನ ಪಾಕೀಟು ತೆಗೆದು ಕಿಟಕಿಯ ಆಚೆ ಎಸೆದರು. ಕಟ್ಟಿದ ಗಂಟನ್ನು ಎತ್ತಿ ನನ್ನ ಹೆಂಡತಿಯ ಕೈಗೆ ಕೊಟ್ಟರು.

ಒಂಬತ್ತು ವರ್ಷ ಆಕೆ ನಮ್ಮ ಜೊತೆಗಿದ್ದರು. ಜೋಳದ ರೊಟ್ಟಿ, ಅಗಸಿ ಚಟ್ನಿ ನಮ್ಮ ಮನೆಯ ಅನ್ನವಾಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಪಾಂಡವಲೇಣಿಯ ಬುಡದಲ್ಲಿ ಕೂತು ನನ್ನನ್ನು ಹತ್ತಿಸುವರು. ನನ್ನ ಮಾತನ್ನು ಒಂದು ದಿನವೂ ನಂಬಲಿಲ್ಲ, ಕಣ್ಣಾರೆ ಕಂಡ ಮೇಲೆಯೇ ಎರಡನೇ ಸಹಿಯ ಮನೆಯಲ್ಲಿ ಹೆಬ್ಬೆಟ್ಟು ಒತ್ತುವರು. ಮೊದಲ ಐದು ತಿಂಗಳು ಆ ಮನೆ ಖಾಲಿಯೇ ಇದೆ. ಸಿಗರೇಟು ಬಿಟ್ಟು ವರ್ಷಗಳಾದರೂ ನನ್ನ ಹೆಸರು ಎರಡು ಬೆರಳೇ. ಹೆಂಡತಿ ಆ ಮಾತು ಕಲಿತಳು. ಮಗಳ ಕನ್ನಡ ಅರ್ಧಂಬರ್ಧ, ಓಣಿಯಲ್ಲೆಲ್ಲ ಮರಾಠಿ. ಆದರೆ ಅಜ್ಜಿಯ ಕೈಮಾತು ಮಾತ್ರ ನೀರು ಕುಡಿದಂತೆ ಬಂತು. ಕೊನೆಯ ರಾತ್ರಿ ಅಕ್ಕವ್ವ ಕೈ ಎತ್ತಲಾರದಾದಾಗ ಬೆರಳ ತುದಿಯಲ್ಲಿ ಆಡಿದ್ದನ್ನು ಮಗಳೇ ಓದಿ ಹೇಳಿದಳು. ಈ ತಿಂಗಳ ಹೆಬ್ಬೆಟ್ಟು ಬಾಕಿ ಇದೆ, ಕಾರ್ಡು ತನ್ನಿ ಅಂತ.

ನಾನು ಆಕೆಯ ಹಾಸಿಗೆಯ ಪಕ್ಕ ನೆಲಕ್ಕೆ ಕೂತು ಕೈ ಊರದೆ ಎದ್ದೆ. ಆಕೆ ಕಣ್ಣಗಲಿಸಿ ನೋಡಿ ಹೆಬ್ಬೆಟ್ಟು ಒತ್ತಿದರು. ಮರುದಿನ ಬೆಳಗ್ಗೆ ತೀರಿಕೊಂಡರು. ಆಕೆಗಿಂತ ಒಂದು ದಿನ ಹೆಚ್ಚಿಗೆ ಒಬ್ಬರು ಇರಬೇಕಾಗಿತ್ತು. ನಾನು ಇದ್ದೆ.